ವರ್ಚುವಲ್ ಮಶೀನ್ ಹಾಕಬೇಕು ಸರಿ, ಆದರೆ ಯಾವುದು?

ವಿಂಡೋಸ್ ಬಿಡಲು ಮನಸ್ಸಿಲ್ಲ, ಆದರೆ ಲಿನಕ್ಸ್ ಕಲಿಯಬೇಕು. ಮ್ಯಾಕ್ ತಗೊಂಡಾಗಿದೆ, ಈಗ ನೋಡಿದರೆ ಕೆಲಸಕ್ಕೆ ಬೇಕಾದ ಒಂದು ಸಾಫ್ಟ್‌ವೇರ್ ವಿಂಡೋಸ್‌ನಲ್ಲಿ ಮಾತ್ರ ಓಡುತ್ತದೆ. ಹಳೇ ಪ್ರಿಂಟರ್‌ನದೋ ಸ್ಕ್ಯಾನರ್‌ನದೋ ಡ್ರೈವರ್ ವಿಂಡೋಸ್ ಎಕ್ಸ್‌ಪಿ ದಾಟಿ ಮುಂದೆ ಬರಲೇ ಇಲ್ಲ. ಹೀಗೆ ಒಬ್ಬೊಬ್ಬರದು ಒಂದೊಂದು ಕಾರಣ. ಇವಕ್ಕೆಲ್ಲ ಉಪಾಯ ವರ್ಚುವಲ್ ಮಶೀನ್ (ಚಿಕ್ಕದಾಗಿ ವಿಎಂ), ಅಂದರೆ ಒಂದು ಕಂಪ್ಯೂಟರ್‌ನ ಒಳಗೇ ಸಾಫ್ಟ್‌ವೇರ್ ಮೂಲಕ ಓಡುವ ಇನ್ನೊಂದು ಕಂಪ್ಯೂಟರ್. ಆದರೆ ಕೊನೆಗೆ ಎಲ್ಲರೂ ಬಂದು ನಿಲ್ಲುವ ಪ್ರಶ್ನೆ ಒಂದೇ: ವರ್ಚುವಲ್‌ಬಾಕ್ಸ್ ಹಾಕಲಾ, ವಿಎಂವೇರ್ ಹಾಕಲಾ, ವಿಂಡೋಸ್‌ನಲ್ಲಿ ಹೈಪರ್-ವಿ ಹೇಗೂ ಇದೆಯಲ್ಲ, ಅದೇ ಸಾಕಾ?

ಸಾಫ್ಟ್‌ವೇರ್ ಹೆಸರಿನಿಂದ ಶುರು ಮಾಡಿದರೆ ಈ ಗೊಂದಲ ಬಗೆಹರಿಯುವುದಿಲ್ಲ. ನಿಮ್ಮ ಎದುರಿಗಿರುವ ಕಂಪ್ಯೂಟರ್ ಯಾವುದು ಅನ್ನುವುದೇ ಮುಕ್ಕಾಲು ಪಾಲು ತೀರ್ಮಾನ ಮಾಡಿಬಿಟ್ಟಿರುತ್ತದೆ. ಉಳಿದ ಕಾಲು ಪಾಲು ನೀವು ಒಳಗೆ ಏನು ಮಾಡಲು ಹೊರಟಿದ್ದೀರಿ ಅನ್ನುವುದರ ಮೇಲೆ ನಿಂತಿದೆ. ಹಾಗಾಗಿ ಮೊದಲು ಮಶೀನ್ ನೋಡೋಣ, ಆಮೇಲೆ ಹೆಸರುಗಳಿಗೆ ಬರೋಣ. ಎರಡು ಪದ ಮಾತ್ರ ನೆನಪಿರಲಿ: ನಿಜವಾದ ಕಂಪ್ಯೂಟರ್ ಮತ್ತು ಅದರ ಓಎಸ್ (ಆಪರೇಟಿಂಗ್ ಸಿಸ್ಟಮ್) ಅಂದರೆ ಹೋಸ್ಟ್, ಅದರೊಳಗೆ ಓಡುವ ಓಎಸ್ ಅಂದರೆ ಗೆಸ್ಟ್.

ಯಾವುದರ ಮೇಲೆ ಅಳೆಯಬೇಕು

ಮೊದಲನೆಯದು ಪ್ರೊಸೆಸರ್. ಇಂಟೆಲ್ ಅಥವಾ ಎಎಂಡಿ ಆದರೆ ಅದು ಎಕ್ಸ್86 ಜಾತಿ. ಆಪಲ್‌ನ ಎಂ1, ಎಂ2, ಅದರ ನಂತರದವೆಲ್ಲ ಆರ್ಮ್ ಜಾತಿ. ಗೆಸ್ಟ್ ಮತ್ತು ಹೋಸ್ಟ್ ಒಂದೇ ಜಾತಿಯಾದರೆ ಗೆಸ್ಟ್‌ನ ಬಹುಪಾಲು ಕೆಲಸ ನೇರವಾಗಿ ಪ್ರೊಸೆಸರ್ ಮೇಲೇ ನಡೆಯುತ್ತದೆ, ವೇಗ ಚೆನ್ನಾಗಿರುತ್ತದೆ. ಜಾತಿ ಬೇರೆಯಾದರೆ ಪ್ರತಿಯೊಂದು ಸೂಚನೆಯನ್ನೂ ಸಾಫ್ಟ್‌ವೇರ್ ಕೂತು ಬದಲಿಸಿ ಕೊಡಬೇಕು. ಅದಕ್ಕೆ ಎಮ್ಯುಲೇಶನ್ ಅಂತಾರೆ. ಓಡುತ್ತದೆ, ಆದರೆ ಒಂದು ಮೆನು ತೆರೆಯುವುದಕ್ಕೂ ಕಾಯಬೇಕಾಗುತ್ತದೆ.

ಪ್ರೊಸೆಸರ್‌ನಲ್ಲಿ ವರ್ಚುವಲೈಸೇಶನ್ ಸೌಲಭ್ಯ ಇರಬೇಕು, ಜೊತೆಗೆ ಅದು ಆನ್ ಆಗಿರಬೇಕು. ಇಂಟೆಲ್ 2005ರಲ್ಲಿ ವಿಟಿ-ಎಕ್ಸ್ ತಂದಿತು, ಎಎಂಡಿ 2006ರಲ್ಲಿ ಎಎಂಡಿ-ವಿ ತಂದಿತು. ಹಾಗಾಗಿ ಈಗ ಬಳಕೆಯಲ್ಲಿರುವ ಹೆಚ್ಚುಕಮ್ಮಿ ಎಲ್ಲ ಮಶೀನ್‌ಗಳಲ್ಲೂ ಸೌಲಭ್ಯ ಇದ್ದೇ ಇದೆ, ಆನ್ ಆಗಿಲ್ಲದಿರುವುದೇ ಸಾಮಾನ್ಯ ತೊಂದರೆ. ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್‌ನಲ್ಲಿ ಸಿಪಿಯು ಒತ್ತಿ. ಗ್ರಾಫ್‌ನ ಕೆಳಗೆ ವರ್ಚುವಲೈಸೇಶನ್ ಅಂತ ಒಂದು ಸಾಲು ಇರುತ್ತದೆ. ಅಲ್ಲಿ ಡಿಸೇಬಲ್ಡ್ ಅಂತ ಕಂಡರೆ ಬಯಾಸ್‌ಗೆ (ಕಂಪ್ಯೂಟರ್ ಆನ್ ಆಗುವಾಗ ಒಂದು ಕೀ ಒತ್ತಿ ತೆರೆಯುವ ಮೂಲ ಸೆಟ್ಟಿಂಗ್‌ಗಳು) ಹೋಗಿ ಆನ್ ಮಾಡಬೇಕು. ಎಎಂಡಿ ಬೋರ್ಡ್‌ಗಳಲ್ಲಿ ಅದರ ಹೆಸರು ಎಸ್‌ವಿಎಂ ಮೋಡ್ ಅಂತ ಇರುತ್ತದೆ. ಅದು ಗೊತ್ತಿಲ್ಲದೆ ವರ್ಚುವಲೈಸೇಶನ್ ಅನ್ನುವ ಪದವನ್ನೇ ಹುಡುಕುತ್ತಾ ಬಯಾಸ್ ಪೂರ್ತಿ ತಿರುಗಿ ಬರುವವರು ಬಹಳ.

ಎರಡನೆಯದು ರ‍್ಯಾಮ್. ಇಲ್ಲಿ ಮಾತ್ರ ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು. ಗೆಸ್ಟ್‌ಗೆ ಕೊಟ್ಟ ರ‍್ಯಾಮ್ ಗೆಸ್ಟ್ ಓಡುತ್ತಿರುವಷ್ಟು ಹೊತ್ತೂ ಹೋಸ್ಟ್‌ಗೆ ಇಲ್ಲ ಅಂತಲೇ ಲೆಕ್ಕ ಹಾಕಿ. 8 ಜಿಬಿ ಇರುವ ಲ್ಯಾಪ್‌ಟಾಪ್‌ನಲ್ಲಿ ಹಗುರವಾದ ಲಿನಕ್ಸ್‌ಗೆ 2 ಅಥವಾ 3 ಜಿಬಿ ಕೊಟ್ಟು ಹೇಗೋ ನಡೆಸಬಹುದು. ವಿಂಡೋಸ್ 11 ಗೆಸ್ಟ್ ಆದರೆ ಮೈಕ್ರೋಸಾಫ್ಟ್ ಹೇಳುವ ಕನಿಷ್ಠವೇ 4 ಜಿಬಿ, ಆರಾಮಾಗಿ ಕೆಲಸ ಮಾಡಬೇಕು ಅಂದರೆ 8. ಅಂದರೆ ಹೋಸ್ಟ್‌ನಲ್ಲಿ 16 ಇರಲೇಬೇಕು. ನಿಮ್ಮ ಬಳಿ ಖರ್ಚು ಮಾಡಲು ಸ್ವಲ್ಪವೇ ದುಡ್ಡಿದ್ದರೆ ಅದನ್ನು ದುಬಾರಿ ವಿಎಂ ಸಾಫ್ಟ್‌ವೇರ್‌ಗೆ ಸುರಿಯಬೇಡಿ, ರ‍್ಯಾಮ್‌ಗೆ ಹಾಕಿ. ಆಮೇಲೂ ಉಳಿದರೆ ಎಸ್‌ಎಸ್‌ಡಿಗೆ. ಗಿರಗಿರ ತಿರುಗುವ ಹಾರ್ಡ್ ಡಿಸ್ಕ್ ಮೇಲೆ ಎರಡು ಓಎಸ್ ಒಟ್ಟಿಗೆ ಓಡಿಸುವುದು ಶಿಕ್ಷೆ, ಅಲ್ಲಿ ಯಾವ ಸಾಫ್ಟ್‌ವೇರ್ ಹಾಕಿದರೂ ಒಂದೇ.

ಇದಾದ ಮೇಲೆ ಕೆಲಸದ ಪ್ರಶ್ನೆಗಳು. ಯುಎಸ್‌ಬಿ ಸಾಧನ ಒಳಗೆ ಕಾಣಬೇಕಾ? ಗ್ರಾಫಿಕ್ಸ್ ಬೇಕಾ, ಸುಮ್ನೆ ಟರ್ಮಿನಲ್ ಸಾಕಾ? ಮನೆ ಬಳಕೆಯಾ, ಕಂಪನಿ ಬಳಕೆಯಾ? ಕಂಪನಿ ಅಂದ ತಕ್ಷಣ ಲೈಸೆನ್ಸ್ ಮಾತು ಬರುತ್ತದೆ. ಕೊನೆಗೆ, ಏನಾದರೂ ಕೈಕೊಟ್ಟಾಗ ಕೂತು ಸರಿಮಾಡುವ ತಾಳ್ಮೆ ನಿಮಗಿದೆಯಾ? ಇದನ್ನು ಯಾರೂ ಹೋಲಿಕೆಯ ಪಟ್ಟಿಯಲ್ಲಿ ಬರೆಯುವುದಿಲ್ಲ, ಆದರೆ ಆಯ್ಕೆ ತಪ್ಪುವುದು ಹೆಚ್ಚಾಗಿ ಇಲ್ಲೇ.

ಒಂದು ನಿಮಿಷ, ವಿಎಂ ಬೇಕೇ ಬೇಕಾ?

ವಿಂಡೋಸ್ ಇಟ್ಟುಕೊಂಡು ಲಿನಕ್ಸ್ ಕಮಾಂಡ್‌ಗಳನ್ನು ಕಲಿಯಬೇಕು, ಪೈಥಾನ್ ಬರೆಯಬೇಕು, ಡಾಕರ್ ಓಡಿಸಬೇಕು, ಇಷ್ಟೇ ಆದರೆ ವಿಂಡೋಸ್ ಒಳಗೇ ಲಿನಕ್ಸ್ ಓಡಿಸಲು ಮೈಕ್ರೋಸಾಫ್ಟ್ ಕೊಡುವ ಡಬ್ಲ್ಯುಎಸ್‌ಎಲ್ 2 ಸಾಕು. ಒಳಗೆ ಅದೂ ಒಂದು ವರ್ಚುವಲ್ ಮಶೀನೇ, ನಿಜವಾದ ಲಿನಕ್ಸ್ ಕರ್ನಲ್ (ಓಎಸ್‌ನ ತಿರುಳು) ಓಡುತ್ತದೆ. ಆದರೆ ಐಎಸ್‌ಓ (ಓಎಸ್‌ನ ಇನ್‌ಸ್ಟಾಲ್ ಡಿಸ್ಕ್‌ನ ಫೈಲ್) ಇಳಿಸುವುದು, ಡಿಸ್ಕ್ ಮಾಡುವುದು, ಇನ್‌ಸ್ಟಾಲರ್‌ನ ಪ್ರಶ್ನೆಗಳಿಗೆಲ್ಲ ಉತ್ತರ ಕೊಡುವುದು ಯಾವುದೂ ಇಲ್ಲ. ಒಂದೇ ಕಮಾಂಡ್‌ನಲ್ಲಿ ಉಬುಂಟು ಅನ್ನುವ ಲಿನಕ್ಸ್ ಬಂದು ಕೂರುತ್ತದೆ. 2020ರ ಮೇ ತಿಂಗಳ ವಿಂಡೋಸ್ 10 ಅಪ್‌ಡೇಟ್‌ನಲ್ಲಿ ಇದು ಬಂತು, ಹೋಮ್ ಆವೃತ್ತಿಯಲ್ಲೂ ಓಡುತ್ತದೆ. ವಿಂಡೋಸ್ 11ರಲ್ಲಿ ಲಿನಕ್ಸ್‌ನ ಕಿಟಕಿ ಇರುವ ಆ್ಯಪ್‌ಗಳೂ ನೇರವಾಗಿ ತೆರೆದುಕೊಳ್ಳುತ್ತವೆ.

ಕೊರತೆ ಇಲ್ಲ ಅಂತಲ್ಲ. ಪೂರ್ತಿ ಡೆಸ್ಕ್‌ಟಾಪ್ ಸಿಗುವುದಿಲ್ಲ. ಬೂಟ್ ಹೇಗೆ ಆಗುತ್ತದೆ, ಪಾರ್ಟಿಶನ್ ಹೇಗೆ ಮಾಡಬೇಕು ಅನ್ನುವುದನ್ನೆಲ್ಲ ಇದರಲ್ಲಿ ಕಲಿಯುವುದಕ್ಕಾಗುವುದಿಲ್ಲ. ಇನ್ನೊಂದು ಮಾತು, ನಿಮ್ಮ ಪ್ರಾಜೆಕ್ಟ್‌ನ ಫೈಲ್‌ಗಳನ್ನು ವಿಂಡೋಸ್‌ನ ಸಿ ಡ್ರೈವ್‌ನಲ್ಲೇ ಇಟ್ಟು ಲಿನಕ್ಸ್ ಕಡೆಯಿಂದ ಬಳಸಿದರೆ ಎಲ್ಲವೂ ಆಮೆ ವೇಗಕ್ಕೆ ಬರುತ್ತದೆ. ಫೈಲ್‌ಗಳನ್ನು ಲಿನಕ್ಸ್‌ನ ಹೋಮ್ ಫೋಲ್ಡರ್‌ನಲ್ಲೇ ಇಡಿ. ಡಬ್ಲ್ಯುಎಸ್‌ಎಲ್ ನಿಧಾನ ಅಂತ ಬೈಯುವವರ ದೂರು ಬಹುಪಾಲು ಇಷ್ಟಕ್ಕೇ ಮುಗಿಯುತ್ತದೆ.

ಯಾವುದೋ ಅನುಮಾನದ ಫೈಲ್ ಒಂದನ್ನು ತೆರೆದು ನೋಡಬೇಕು ಅಷ್ಟೇ ಅಂದರೆ ವಿಂಡೋಸ್ ಸ್ಯಾಂಡ್‌ಬಾಕ್ಸ್ ಇದೆ. ಪ್ರೊ ಆವೃತ್ತಿ ಬೇಕು. ಕಿಟಕಿ ಮುಚ್ಚಿದರೆ ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಇನ್ನು ಗೇಮ್ ಆಡುವುದಕ್ಕೇ ವಿಂಡೋಸ್ ಬೇಕು ಅನ್ನುವವರು ವಿಎಂ ಆಸೆ ಬಿಟ್ಟು ಡ್ಯುಯಲ್ ಬೂಟ್ (ಆನ್ ಮಾಡುವಾಗ ಯಾವ ಓಎಸ್ ಅಂತ ಆರಿಸುವುದು) ಮಾಡಿಕೊಳ್ಳಿ. ವಿಎಂ ಒಳಗೆ ಗ್ರಾಫಿಕ್ಸ್ ಕಾರ್ಡ್‌ನ ಪೂರ್ತಿ ಶಕ್ತಿ ಸುಲಭಕ್ಕೆ ಸಿಗುವುದಿಲ್ಲ, ಸಿಕ್ಕರೂ ಆನ್‌ಲೈನ್ ಆಟಗಳ ಆ್ಯಂಟಿ-ಚೀಟ್ ಎಷ್ಟೋ ಸಲ ಇದು ವರ್ಚುವಲ್ ಮಶೀನ್ ಅಂತ ಪತ್ತೆಹಚ್ಚಿ ಹೊರಗೆ ಹಾಕುತ್ತದೆ.

ಇಷ್ಟೆಲ್ಲ ಆದ ಮೇಲೂ ಬೇಕು ಅಂದರೆ ಮುಂದೆ ಓದಿ.

ವಿಂಡೋಸ್ ಮೇಲೆ: ವರ್ಚುವಲ್‌ಬಾಕ್ಸ್

ಜರ್ಮನಿಯ ಇನ್ನೊಟೆಕ್ ಅನ್ನುವ ಕಂಪನಿ ಇದನ್ನು 2007ರಲ್ಲಿ ಹೊರತಂದಿತು. ಮರುವರ್ಷ ಸನ್ ಮೈಕ್ರೋಸಿಸ್ಟಮ್ಸ್ ಕೈಗೆ ಹೋಯಿತು, 2010ರಲ್ಲಿ ಸನ್ ಜೊತೆಗೇ ಒರಾಕಲ್ ಪಾಲಾಯಿತು. ಮೂಲ ಪ್ಯಾಕೇಜ್ ಓಪನ್ ಸೋರ್ಸ್. ಖಾತೆ ತೆರೆಯುವುದು, ಲಾಗಿನ್ ಆಗುವುದು ಏನೂ ಇಲ್ಲ. ಇಳಿಸಿ, ಹಾಕಿ, ಓಡಿಸಿ.

ಕಲಿಯುವವರಿಗೆ ನಾನು ಇದನ್ನೇ ಹೇಳುವುದು. ಇದು ಅತಿ ವೇಗದ್ದು ಅಂತ ಅಲ್ಲ. ನಿಮಗೆ ಬರುವ ಯಾವ ತೊಂದರೆಯೂ ಇನ್ನೊಬ್ಬರಿಗೆ ಮೊದಲೇ ಬಂದಿರುತ್ತದೆ, ಅವರಿಗೆ ಯಾರೋ ಉತ್ತರವನ್ನೂ ಕೊಟ್ಟಿರುತ್ತಾರೆ. ಸೆಟ್ಟಿಂಗ್‌ಗಳೆಲ್ಲ ಕಣ್ಣೆದುರಿಗೇ ಇವೆ. ನೆಟ್‌ವರ್ಕ್‌ನಲ್ಲಿ ನ್ಯಾಟ್, ಬ್ರಿಡ್ಜ್ಡ್, ಹೋಸ್ಟ್-ಓನ್ಲಿ ಅನ್ನುವ ಮೂರು ಬಗೆಯ ಸಂಪರ್ಕವನ್ನೂ ಬದಲಿಸಿ ಬದಲಿಸಿ ನೋಡಿದರೆ ನೆಟ್‌ವರ್ಕಿಂಗ್ ಅರ್ಧ ಅರ್ಥವಾಗಿಬಿಡುತ್ತದೆ. ಹಳೇ ಓಎಸ್‌ಗಳ ವಿಷಯದಲ್ಲೂ ಇದು ಉದಾರಿ, ಎಕ್ಸ್‌ಪಿಯಂಥ ಮುದುಕರನ್ನೂ ಹತ್ತಿಸಿಕೊಳ್ಳುತ್ತದೆ. 2022ರ 7.0 ಆವೃತ್ತಿಯಲ್ಲಿ ವರ್ಚುವಲ್ ಟಿಪಿಎಂ ಮತ್ತು ಸೆಕ್ಯೂರ್ ಬೂಟ್ ಅನ್ನುವ ಭದ್ರತಾ ಸೌಲಭ್ಯಗಳು ಬಂದಿದ್ದರಿಂದ, ಅವನ್ನು ಕೇಳುವ ವಿಂಡೋಸ್ 11 ಕೂಡ ತಕರಾರಿಲ್ಲದೆ ಇನ್‌ಸ್ಟಾಲ್ ಆಗುತ್ತದೆ.

ಕಷ್ಟ ಎಲ್ಲಿ ಅಂದರೆ ಗ್ರಾಫಿಕ್ಸ್‌ನಲ್ಲಿ. ಗೆಸ್ಟ್‌ನ ಡೆಸ್ಕ್‌ಟಾಪ್ ಎಳೆದಾಡಿದಾಗ ತಡವರಿಸುವುದು ಕಾಣುತ್ತದೆ, ಹೊಸ ಲಿನಕ್ಸ್ ಡೆಸ್ಕ್‌ಟಾಪ್‌ಗಳ ಬೆಡಗು ಬಿನ್ನಾಣ ಇದರಲ್ಲಿ ಭಾರ. ಎಕ್ಸ್‌ಎಫ್‌ಸಿಇಯಂಥ ಹಗುರದ್ದನ್ನು ಹಾಕಿಕೊಂಡರೆ ಅರ್ಧ ತಲೆನೋವು ಕಮ್ಮಿ. ಗೆಸ್ಟ್ ಹಾಕಿದ ಕೂಡಲೇ ಗೆಸ್ಟ್ ಅಡಿಶನ್ಸ್ ಹಾಕುವುದನ್ನು ಮರೆಯಬೇಡಿ. ಅದಿಲ್ಲದಿದ್ದರೆ ಪರದೆ ಪೂರ್ತಿ ತುಂಬುವುದಿಲ್ಲ, ಕಾಪಿ-ಪೇಸ್ಟ್ ದಾಟುವುದಿಲ್ಲ, ಹಂಚಿಕೊಂಡ ಫೋಲ್ಡರ್ ಕಾಣುವುದಿಲ್ಲ. ಲಿನಕ್ಸ್ ಗೆಸ್ಟ್‌ನಲ್ಲಿ ಫೋಲ್ಡರ್ ಕಂಡರೂ ಪರ್ಮಿಶನ್ ಇಲ್ಲ ಅಂತ ಬಂದರೆ ನಿಮ್ಮ ಯೂಸರ್ ಅನ್ನು ವಿಬಾಕ್ಸ್‌ಎಸ್‌ಎಫ್ ಗುಂಪಿಗೆ ಸೇರಿಸಿ ಒಮ್ಮೆ ಲಾಗೌಟ್ ಆಗಿ ಬನ್ನಿ.

ಕಂಪನಿಯವರು ಗಮನಿಸಬೇಕಾದ್ದು: ಮೂಲ ಪ್ಯಾಕೇಜ್ ಉಚಿತ, ಆದರೆ ಎಕ್ಸ್‌ಟೆನ್ಶನ್ ಪ್ಯಾಕ್ ಅನ್ನುವುದು ಬೇರೆ ಲೈಸೆನ್ಸ್‌ನಲ್ಲಿದೆ. ಸ್ವಂತಕ್ಕೆ, ಕಲಿಕೆಗೆ, ಪರೀಕ್ಷಿಸಿ ನೋಡಲು ಪುಕ್ಕಟೆ. ವ್ಯವಹಾರಕ್ಕೆ ಬಳಸಿದರೆ ದುಡ್ಡು ಕೊಡಬೇಕು. ಮೊದಲೆಲ್ಲ ಯುಎಸ್‌ಬಿ 2 ಮತ್ತು 3 ಬೇಕು ಅಂದರೆ ಈ ಪ್ಯಾಕ್ ಹಾಕಲೇಬೇಕಿತ್ತು. 7.0ರಿಂದ ಅದು ಮೂಲ ಪ್ಯಾಕೇಜ್‌ನಲ್ಲೇ ಬರುತ್ತದೆ. ಹಾಗಾಗಿ ಬಹುತೇಕರಿಗೆ ಪ್ಯಾಕ್‌ನ ಅಗತ್ಯವೇ ಇಲ್ಲ. ಹಳೇ ಲೇಖನ ನೋಡಿಕೊಂಡು ಆಫೀಸ್ ಮಶೀನ್‌ನಲ್ಲಿ ಸುಮ್ನೆ ಹಾಕಿಬಿಡಬೇಡಿ.

ವಿಎಂವೇರ್ ವರ್ಕ್‌ಸ್ಟೇಶನ್

ಡೆಸ್ಕ್‌ಟಾಪ್ ವಿಎಂಗಳಲ್ಲಿ ಇದು ಹಿರಿಯಣ್ಣ, 1999ರಿಂದ ಇದೆ. ಬಹಳ ವರ್ಷ ವರ್ಕ್‌ಸ್ಟೇಶನ್ ಪ್ರೊ ಅಂದರೆ ದುಡ್ಡು ಕೊಟ್ಟು ಕೊಳ್ಳಬೇಕಾದ್ದು, ಪುಕ್ಕಟೆ ಬೇಕು ಅಂದವರಿಗೆ ಕೈಕಾಲು ಕತ್ತರಿಸಿದ ಪ್ಲೇಯರ್. 2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ವಿಎಂವೇರನ್ನು ಕೊಂಡಿತು. 2024ರ ಮೇ ತಿಂಗಳಲ್ಲಿ ಪ್ರೊ ಆವೃತ್ತಿ ಸ್ವಂತ ಬಳಕೆಗೆ ಉಚಿತವಾಯಿತು, ಅದೇ ವರ್ಷ ನವೆಂಬರ್‌ನಲ್ಲಿ ಕಂಪನಿ ಬಳಕೆಗೂ ಉಚಿತವಾಯಿತು. ಇದು ಹಳೇ ಹೋಲಿಕೆಗಳನ್ನೆಲ್ಲ ತಲೆಕೆಳಗು ಮಾಡಿದೆ. ದುಡ್ಡಿಲ್ಲದವರಿಗೆ ವರ್ಚುವಲ್‌ಬಾಕ್ಸ್, ಇದ್ದವರಿಗೆ ವಿಎಂವೇರ್ ಅಂತ ಹೇಳುವ ಸಲಹೆ ಎಲ್ಲಾದರೂ ಕಂಡರೆ ಅದು ಹಳಸಿದ್ದು ಅಂತ ತಿಳಿಯಿರಿ.

ಅನುಭವದಲ್ಲಿ ಇದು ನುಣುಪು. ಡೈರೆಕ್ಟ್‌ಎಕ್ಸ್ 11, ಓಪನ್‌ಜಿಎಲ್ 4.3ವರೆಗೆ ಬೆಂಬಲ ಇರುವುದರಿಂದ ವಿಂಡೋಸ್ ಗೆಸ್ಟ್‌ನಲ್ಲಿ ಕಿಟಕಿಗಳು ಸರಾಗವಾಗಿ ಓಡಾಡುತ್ತವೆ, ಸಣ್ಣಪುಟ್ಟ 3ಡಿ ಕೆಲಸ ನಡೆಯುತ್ತದೆ. ಯುಎಸ್‌ಬಿ ಸಾಧನ ಚುಚ್ಚಿದರೆ ಹೋಸ್ಟ್‌ಗಾ, ಗೆಸ್ಟ್‌ಗಾ ಅಂತ ಕೇಳುತ್ತದೆ. ಹೇಳಿದ ಕಡೆ ಕೂರುತ್ತದೆ. ದಿನಕ್ಕೆ ನಾಲ್ಕಾರು ಗಂಟೆ ವಿಂಡೋಸ್ ಗೆಸ್ಟ್ ಒಳಗೇ ಕೂತು ಕೆಲಸ ಮಾಡಬೇಕಾದವರಿಗೆ ಎಕ್ಸ್86 ಮಶೀನ್ ಮೇಲೆ ನನ್ನ ಮೊದಲ ಆಯ್ಕೆ ಇದೇ.

ಆದರೆ ಇಳಿಸಿಕೊಳ್ಳುವುದೇ ಒಂದು ಸಾಹಸ. ಬ್ರಾಡ್‌ಕಾಮ್‌ನ ಸಪೋರ್ಟ್ ತಾಣದಲ್ಲಿ ಖಾತೆ ತೆರೆಯಬೇಕು, ಅಲ್ಲಿಂದ ಸರಿಯಾದ ಪುಟ ಹುಡುಕಿ ತೆಗೆಯಬೇಕು. ಅದಕ್ಕೆ ಬೇಸತ್ತು ಬೇರೆ ಯಾವುದೋ ತಾಣದಿಂದ ಇಳಿಸಬೇಡಿ, ಕಂಪ್ಯೂಟರ್‌ನ ಬುಡಕ್ಕೇ ಕೈಹಾಕುವ ಸಾಫ್ಟ್‌ವೇರ್ ಇದು. ಇನ್ನೊಂದು, ಉಚಿತ ಅಂದರೆ ಕರೆದು ಕೇಳಲು ಯಾರೂ ಇಲ್ಲ ಅಂತಲೂ ಅರ್ಥ. ಹೊಸ ಒಡೆಯರು ಮುಂದೆ ಇದನ್ನು ಎಷ್ಟು ಆಸ್ಥೆಯಿಂದ ನೋಡಿಕೊಳ್ಳುತ್ತಾರೆ ಅನ್ನುವ ಅಳುಕು ನನಗಿದೆ. ಹಾಗಂತ ಇವತ್ತು ಬಳಸದೇ ಇರುವುದಕ್ಕೆ ಅದು ಕಾರಣ ಆಗುವುದಿಲ್ಲ.

ಹೈಪರ್-ವಿ, ಮತ್ತು ಆ ಹಸಿರು ಆಮೆ

ಹೈಪರ್-ವಿ ಮೈಕ್ರೋಸಾಫ್ಟ್‌ನದೇ ವಿಎಂ ಸಾಫ್ಟ್‌ವೇರ್, ವಿಂಡೋಸ್ 8ರಿಂದ ಡೆಸ್ಕ್‌ಟಾಪ್ ವಿಂಡೋಸ್ ಒಳಗೇ ಇದೆ. ಪ್ರೊ, ಎಂಟರ್‌ಪ್ರೈಸ್, ಎಜುಕೇಶನ್ ಆವೃತ್ತಿಗಳಲ್ಲಿ ಮಾತ್ರ. ಹೋಮ್‌ನಲ್ಲಿ ಇಲ್ಲ. ಬೇರೆ ಏನೂ ಇಳಿಸಬೇಕಿಲ್ಲ, ವಿಂಡೋಸ್ ಫೀಚರ್ಸ್‌ನಲ್ಲಿ ಒಂದು ಟಿಕ್ ಹಾಕಿ ರೀಸ್ಟಾರ್ಟ್ ಮಾಡಿದರೆ ಆಯಿತು. ಸರ್ವರ್ ತರಹದ ಕೆಲಸಕ್ಕೆ ಇದು ಗಟ್ಟಿಗ. ಒಂದು ಲಿನಕ್ಸ್ ಸರ್ವರ್ ಹಿನ್ನೆಲೆಯಲ್ಲಿ ಸದಾ ಓಡುತ್ತಿರಬೇಕು, ಕಂಪ್ಯೂಟರ್ ಆನ್ ಆದ ಕೂಡಲೇ ತಾನಾಗೇ ಎದ್ದೇಳಬೇಕು ಅಂದರೆ ಇದನ್ನೇ ಹಾಕಿ.

ಡೆಸ್ಕ್‌ಟಾಪ್ ಆಗಿ ಬಳಸಲು ಹೊರಟರೆ ಮಾತ್ರ ಒಂದೊಂದೇ ಕಿರಿಕಿರಿ ಶುರು. ಯುಎಸ್‌ಬಿ ಸಾಧನವನ್ನು ನೇರವಾಗಿ ಗೆಸ್ಟ್‌ಗೆ ಕೊಡಲು ಬರುವುದಿಲ್ಲ. ಧ್ವನಿ ಕೇಳಿಸಬೇಕು, ಪರದೆ ದೊಡ್ಡದಾಗಬೇಕು ಅಂದರೆ ಎನ್‌ಹ್ಯಾನ್ಸ್ಡ್ ಸೆಶನ್ ಬೇಕು. ಅದು ರಿಮೋಟ್ ಡೆಸ್ಕ್‌ಟಾಪ್‌ನ ಮೇಲೆ ನಿಂತಿರುವುದರಿಂದ ಗೆಸ್ಟ್ ಕೂಡ ವಿಂಡೋಸ್ ಪ್ರೊ ಆಗಿದ್ದರೆ ಸಲೀಸು, ಲಿನಕ್ಸ್ ಆದರೆ ಒಂದಿಷ್ಟು ಒದ್ದಾಟ. ಹೈಪರ್-ವಿ ತಾನೇ ಮಾಡಿಕೊಡುವ ಡೀಫಾಲ್ಟ್ ಸ್ವಿಚ್ ಅನ್ನುವ ನೆಟ್‌ವರ್ಕ್ ಬಳಸಿದರೆ ಹೋಸ್ಟ್ ರೀಸ್ಟಾರ್ಟ್ ಆದಾಗ ಗೆಸ್ಟ್‌ನ ಐಪಿ ವಿಳಾಸ ಬದಲಾಗಬಹುದು. ನಿನ್ನೆ ತೆರೆದ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ ದಾರಿ) ಇವತ್ತು ತೆರೆಯದಿದ್ದರೆ ಮೊದಲು ಇದನ್ನೇ ನೋಡಿ.

ಈಗ ಆಮೆಯ ವಿಷಯ. ವರ್ಚುವಲ್‌ಬಾಕ್ಸ್‌ನಲ್ಲಿ ಗೆಸ್ಟ್ ಓಡುತ್ತಿರುವಾಗ ಕಿಟಕಿಯ ಕೆಳಗೆ ಬಲಗಡೆ ಸಣ್ಣ ಸಣ್ಣ ಐಕಾನ್‌ಗಳ ಸಾಲು ಇರುತ್ತದೆ. ಅದರಲ್ಲಿ ಪ್ರೊಸೆಸರ್‌ನ ಚಿಪ್ ಇರಬೇಕಾದ ಜಾಗದಲ್ಲಿ ಒಂದು ಹಸಿರು ಆಮೆ ಕೂತಿದ್ದರೆ, ಪ್ರೊಸೆಸರ್‌ನ ವರ್ಚುವಲೈಸೇಶನ್ ಅನ್ನು ಹೈಪರ್-ವಿ ಮೊದಲೇ ಹಿಡಿದುಕೊಂಡಿದೆ, ವರ್ಚುವಲ್‌ಬಾಕ್ಸ್ ಅದರ ಹಿಂದೆ ಸರದಿಯಲ್ಲಿ ನಿಂತಿದೆ ಅಂತ ಅರ್ಥ. ನಾನು ಹೈಪರ್-ವಿ ಹಾಕೇ ಇಲ್ಲವಲ್ಲ ಅಂತ ನೀವು ಕೇಳಬಹುದು. ನೀವು ಹಾಕಬೇಕಿಲ್ಲ. ಡಬ್ಲ್ಯುಎಸ್‌ಎಲ್ 2 ಹಾಕಿದರೆ ಅದು ಕೆಳಗೆ ಬಂದು ಕೂರುತ್ತದೆ. ವಿಂಡೋಸ್ ಸೆಕ್ಯುರಿಟಿಯ ಕೋರ್ ಐಸೊಲೇಶನ್‌ನಲ್ಲಿ ಮೆಮೊರಿ ಇಂಟೆಗ್ರಿಟಿ ಆನ್ ಇದ್ದರೂ ಅಷ್ಟೇ, ಹೊಸ ಮಶೀನ್‌ಗಳಲ್ಲಿ ಅದು ಬರುವಾಗಲೇ ಆನ್ ಇರುತ್ತದೆ.

ಆಮೆ ಕಂಡರೆ ನಿಮ್ಮ ಮುಂದೆ ಎರಡು ದಾರಿ. ಮೆಮೊರಿ ಇಂಟೆಗ್ರಿಟಿ ಮತ್ತು ಡಬ್ಲ್ಯುಎಸ್‌ಎಲ್ ಎರಡನ್ನೂ ತೆಗೆದು ವರ್ಚುವಲ್‌ಬಾಕ್ಸ್‌ಗೆ ದಾರಿ ಬಿಡಿ, ಇಲ್ಲಾ ಅವನ್ನು ಹಾಗೇ ಇಟ್ಟುಕೊಂಡು ವಿಎಂ ಸಾಫ್ಟ್‌ವೇರ್ ಬದಲಿಸಿ. ಮೊದಲನೆಯದರಲ್ಲಿ ವೇಗ ಬರುತ್ತದೆ, ಆದರೆ ವಿಂಡೋಸ್‌ನ ಒಂದು ಒಳ್ಳೇ ರಕ್ಷಣೆ ಹೋಗುತ್ತದೆ. ದಿನನಿತ್ಯದ ಮಶೀನ್ ಮೇಲೆ ನಾನಾದರೆ ರಕ್ಷಣೆ ತೆಗೆಯುವುದಿಲ್ಲ. ವಿಎಂವೇರ್ 2020ರ 15.5.5 ಆವೃತ್ತಿಯಿಂದ ಹೈಪರ್-ವಿ ಜೊತೆ ಹೊಂದಿಕೊಂಡು ಓಡುತ್ತದೆ. ವೇಗ ಸ್ವಲ್ಪ ಕಮ್ಮಿಯಾದರೂ ಕೆಲಸ ನಡೆಯುತ್ತದೆ. ಅಂದರೆ ಡಬ್ಲ್ಯುಎಸ್‌ಎಲ್ ಬಿಟ್ಟು ಇರಲಾರದವರಿಗೆ ವರ್ಚುವಲ್‌ಬಾಕ್ಸ್ ಬೇಡ. ವಿಎಂವೇರ್ ಹಾಕಿ, ಇಲ್ಲಾ ಪ್ರೊ ಇದ್ದರೆ ಹೈಪರ್-ವಿಯನ್ನೇ ಬಳಸಿ.

ಹೋಸ್ಟ್ ಲಿನಕ್ಸ್ ಆದರೆ

ಇಲ್ಲಿ ಹೆಚ್ಚು ಯೋಚಿಸುವುದೇ ಬೇಡ, ಕೆವಿಎಂ. ಇದು 2007ರ ಫೆಬ್ರವರಿಯಲ್ಲಿ ಬಂದ 2.6.20 ಆವೃತ್ತಿಯಿಂದ ಲಿನಕ್ಸ್ ಕರ್ನಲ್‌ನ ಒಳಗೇ ಇದೆ. ವರ್ಚುವಲ್‌ಬಾಕ್ಸ್, ವಿಎಂವೇರ್ ಎರಡಕ್ಕೂ ಹೊರಗಿನಿಂದ ತಂದ ಕರ್ನಲ್ ಮಾಡ್ಯೂಲ್ ಬೇಕು. ಕರ್ನಲ್ ಅಪ್‌ಡೇಟ್ ಆದಾಗ ಅವನ್ನು ಮತ್ತೆ ಕಂಪೈಲ್ ಮಾಡಬೇಕು, ಸೆಕ್ಯೂರ್ ಬೂಟ್ ಇದ್ದರೆ ಸಹಿ ಹಾಕಿಸಬೇಕು. ಕರ್ನಲ್ 6.12ರಿಂದ ಕೆವಿಎಂ ಮಾಡ್ಯೂಲ್ ಲೋಡ್ ಆದ ತಕ್ಷಣ ವರ್ಚುವಲೈಸೇಶನ್ ಹಿಡಿದುಕೊಳ್ಳುವುದು ಡೀಫಾಲ್ಟ್ ಆಗಿದೆ. ಹಾಗಾಗಿ ನಿನ್ನೆವರೆಗೂ ಓಡುತ್ತಿದ್ದ ವರ್ಚುವಲ್‌ಬಾಕ್ಸ್ ಅಪ್‌ಡೇಟ್ ನಂತರ ಬೇರೆ ಹೈಪರ್‌ವೈಸರ್ (ವಿಎಂ ಓಡಿಸುವ ಸಾಫ್ಟ್‌ವೇರ್) ವಿಟಿ-ಎಕ್ಸ್ ಬಳಸುತ್ತಿದೆ ಅಂತ ಮುಖ ತಿರುಗಿಸಬಹುದು. ಕೆವಿಎಂ ಬಳಸುವವರಿಗೆ ಈ ಯಾವ ಗೋಳೂ ಇಲ್ಲ.

ಕೆವಿಎಂ ನಡೆಸಲು ಬೇಕಾದ ಕಿಟಕಿ-ಗುಂಡಿಗಳಿಗೆ ಎರಡು ಆಯ್ಕೆ. ಗ್ನೋಮ್ ಬಾಕ್ಸಸ್ ತೀರಾ ಸರಳ, ಐಎಸ್‌ಓ ತೋರಿಸಿದರೆ ಉಳಿದದ್ದು ಅದೇ ಮಾಡಿಕೊಳ್ಳುತ್ತದೆ. ವರ್ಟ್-ಮ್ಯಾನೇಜರ್‌ನಲ್ಲಿ ಎಲ್ಲಾ ಗುಂಡಿಗಳೂ ಇವೆ. ಹೊಸಬರು ಬಾಕ್ಸಸ್‌ನಿಂದ ಶುರು ಮಾಡಿ. ಅದರಲ್ಲಿ ಯಾವುದೋ ಸೆಟ್ಟಿಂಗ್ ಇಲ್ಲ ಅಂತ ಅನಿಸಿದ ದಿನ ವರ್ಟ್-ಮ್ಯಾನೇಜರ್‌ಗೆ ಹೋಗಿ.

ವಿಂಡೋಸ್ ಗೆಸ್ಟ್ ಹಾಕುವಾಗ ಎಲ್ಲರೂ ಒಮ್ಮೆ ಬೆವರುವ ಜಾಗ ಒಂದಿದೆ. ವೇಗ ಬೇಕು ಅಂತ ಡಿಸ್ಕ್‌ಗೆ ವರ್ಟ್‌ಐಓ (ವಿಎಂಗೆಂದೇ ಮಾಡಿದ ವೇಗದ ಜೋಡಣೆ) ಆರಿಸಿರುತ್ತೀರಿ. ವಿಂಡೋಸ್ ಇನ್‌ಸ್ಟಾಲರ್ ಎಲ್ಲಿ ಹಾಕಲಿ ಅಂತ ಕೇಳುವ ಪರದೆಗೆ ಬಂದರೆ ಡಿಸ್ಕ್ ಪಟ್ಟಿ ಖಾಲಿ. ಡಿಸ್ಕ್ ಕೆಟ್ಟಿಲ್ಲ. ವಿಂಡೋಸ್‌ಗೆ ವರ್ಟ್‌ಐಓ ಡ್ರೈವರ್ ಗೊತ್ತಿಲ್ಲ, ಅಷ್ಟೇ. ವರ್ಟ್‌ಐಓ ಡ್ರೈವರ್‌ಗಳ ಐಎಸ್‌ಓವನ್ನು ಎರಡನೇ ಸಿಡಿ ಡ್ರೈವ್‌ನಲ್ಲಿ ಹಾಕಿಟ್ಟು, ಅದೇ ಪರದೆಯಲ್ಲಿ ಲೋಡ್ ಡ್ರೈವರ್ ಒತ್ತಿ, ನಿಮ್ಮ ವಿಂಡೋಸ್ ಆವೃತ್ತಿಯ ಫೋಲ್ಡರ್ ತೋರಿಸಿದರೆ ಡಿಸ್ಕ್ ಕಣ್ಣಿಗೆ ಬೀಳುತ್ತದೆ. ನೆಟ್‌ವರ್ಕ್ ಡ್ರೈವರನ್ನೂ ಅಲ್ಲೇ ಹಾಕಿಬಿಡಿ. ಇಲ್ಲದಿದ್ದರೆ ವಿಂಡೋಸ್ 11ರ ಮೊದಲ ಸೆಟಪ್ ಇಂಟರ್ನೆಟ್ ಬೇಕು ಅಂತ ಹಟ ಹಿಡಿದು ಕೂರುತ್ತದೆ.

ಎರಡು ಗ್ರಾಫಿಕ್ಸ್ ಕಾರ್ಡ್ ಇರುವವರು ಒಂದನ್ನು ಪೂರ್ತಿ ಗೆಸ್ಟ್‌ಗೇ ಬಿಟ್ಟುಕೊಡಬಹುದು. ವೇಗ ನಿಜವಾದ ಮಶೀನ್‌ಗೆ ಹತ್ತಿರ ಬರುತ್ತದೆ. ಆದರೆ ಅದು ವಾರಾಂತ್ಯಗಳನ್ನು ನುಂಗುವ ಹವ್ಯಾಸ. ಯುಇಎಫ್‌ಐ (ಬಯಾಸ್‌ನ ಹೊಸ ಪೀಳಿಗೆ) ಬಳಸುವ ಗೆಸ್ಟ್‌ಗಳ ಸ್ನ್ಯಾಪ್‌ಶಾಟ್ (ಬೇಕೆಂದಾಗ ಮರಳಲು ಉಳಿಸಿಟ್ಟ ಗೆಸ್ಟ್‌ನ ಸ್ಥಿತಿ) ವಿಷಯದಲ್ಲೂ ವರ್ಟ್-ಮ್ಯಾನೇಜರ್ ಬಹಳ ಕಾಲ ತೊಡಕು ಕೊಟ್ಟಿದೆ. ಸ್ನ್ಯಾಪ್‌ಶಾಟ್ ಮೇಲೇ ನಿಮ್ಮ ಕೆಲಸ ನಿಂತಿದ್ದರೆ ಮೊದಲು ಒಂದು ಖಾಲಿ ಗೆಸ್ಟ್ ಮೇಲೆ ತೆಗೆದು, ಹಿಂದಕ್ಕೆ ಹೋಗಿ ನೋಡಿಕೊಳ್ಳಿ.

ಮ್ಯಾಕ್ ಆದರೆ

ಇಂಟೆಲ್ ಮ್ಯಾಕ್ ಇದ್ದರೆ ಮೇಲೆ ಹೇಳಿದ್ದೇ ಹೆಚ್ಚುಕಮ್ಮಿ ಅನ್ವಯಿಸುತ್ತದೆ. 2020ರ ಕೊನೆಗೆ ಎಂ1 ಬಂದ ಮೇಲಿನ ಮ್ಯಾಕ್‌ಗಳಲ್ಲಿ ವಿಂಡೋಸನ್ನು ನೇರವಾಗಿ ಹಾಕಿಸುವ ಬೂಟ್ ಕ್ಯಾಂಪ್ ಇಲ್ಲ, ಹಾಗಾಗಿ ಮ್ಯಾಕ್ ಮೇಲೇ ವಿಂಡೋಸ್ ಬೇಕು ಅಂದರೆ ವಿಎಂ ಒಂದೇ ಗತಿ. ಅದೂ ಆರ್ಮ್ ಆವೃತ್ತಿಯ ವಿಂಡೋಸ್. ಅದರ ಒಳಗೆ ಎಕ್ಸ್86 ಆ್ಯಪ್‌ಗಳನ್ನು ವಿಂಡೋಸ್ ತಾನೇ ಅನುವಾದಿಸಿ ಓಡಿಸುತ್ತದೆ. ಲೆಕ್ಕಪತ್ರದ ಸಾಫ್ಟ್‌ವೇರ್‌ನಂಥವು ಬಹುತೇಕ ನಡೆಯುತ್ತವೆ. ಆದರೆ ಎಕ್ಸ್86 ಡ್ರೈವರ್ ಬೇಡುವ ಯಾವುದೂ ನಡೆಯುವುದಿಲ್ಲ. ಹಳೇ ಯುಎಸ್‌ಬಿ ಡಾಂಗಲ್ ಚುಚ್ಚಿದರಷ್ಟೇ ತೆರೆಯುವ ಸಾಫ್ಟ್‌ವೇರ್ ನಿಮ್ಮದಾದರೆ, ಅದಕ್ಕೆ ಆರ್ಮ್ ಡ್ರೈವರ್ ಇದೆಯಾ ಅಂತ ಮೊದಲು ವಿಚಾರಿಸಿ. ಇಲ್ಲ ಅಂತ ಉತ್ತರ ಬಂದರೆ ಮ್ಯಾಕ್ ಬಿಟ್ಟು ಒಂದು ಹಳೇ ವಿಂಡೋಸ್ ಲ್ಯಾಪ್‌ಟಾಪ್ ಇಟ್ಟುಕೊಳ್ಳುವುದೇ ವಾಸಿ.

ಆರ್ಮ್ ಮ್ಯಾಕ್ ಮೇಲೆ ಪ್ಯಾರಲಲ್ಸ್ ಎಲ್ಲಕ್ಕಿಂತ ಸಲೀಸು. ವಿಂಡೋಸ್ ಇಳಿಸಿ ಹಾಕುವುದನ್ನೂ ಅದೇ ಮಾಡುತ್ತದೆ, ವಿಂಡೋಸ್‌ನ ಆ್ಯಪ್‌ಗಳು ಮ್ಯಾಕ್‌ನ ಡಾಕ್‌ನಲ್ಲೇ ಬಂದು ಕೂರುತ್ತವೆ. 2023ರ ಫೆಬ್ರವರಿಯಿಂದ ಇದಕ್ಕೆ ಮೈಕ್ರೋಸಾಫ್ಟ್‌ನ ಅಧಿಕೃತ ಒಪ್ಪಿಗೆಯೂ ಇದೆ, ಕಂಪನಿಗಳಿಗೆ ಅದು ಮುಖ್ಯ. ಬೆಲೆಯೇ ಕಷ್ಟ, ಸಾಮಾನ್ಯವಾಗಿ ವರ್ಷ ವರ್ಷ ಕಟ್ಟುತ್ತಿರಬೇಕು. ಸ್ಟ್ಯಾಂಡರ್ಡ್ ಆವೃತ್ತಿಯಲ್ಲಿ ಗೆಸ್ಟ್‌ಗೆ 8 ಜಿಬಿ ರ‍್ಯಾಮ್, 4 ಕೋರ್ ಮಾತ್ರ ಕೊಡಬಹುದು ಅನ್ನುವುದನ್ನೂ ಕೊಳ್ಳುವ ಮುಂಚೆ ಗಮನಿಸಿ. ದಿನವೂ ವಿಂಡೋಸ್ ಬೇಕಾದವರಿಗೆ ಈ ದುಡ್ಡು ದಂಡವಲ್ಲ. ತಿಂಗಳಿಗೊಮ್ಮೆ ತೆರೆಯುವವರು ವಿಎಂವೇರ್ ಫ್ಯೂಶನ್ ನೋಡಿ, ವರ್ಕ್‌ಸ್ಟೇಶನ್ ಜೊತೆಗೇ ಅದೂ ಉಚಿತವಾಗಿದೆ.

ಲಿನಕ್ಸ್ ಮಾತ್ರ ಸಾಕು ಅನ್ನುವವರಿಗೆ ಯುಟಿಎಂ ಸಾಕು. ಉಚಿತ, ಚೊಕ್ಕವಾಗಿದೆ. ಆ್ಯಪ್ ಸ್ಟೋರ್‌ನಲ್ಲಿ ದುಡ್ಡು ಕೇಳುತ್ತದೆ, ಅವರದೇ ತಾಣದಿಂದ ಇಳಿಸಿದರೆ ಕೇಳುವುದಿಲ್ಲ. ಎಕ್ಸ್86 ಗೆಸ್ಟ್‌ಗಳನ್ನೂ ಎಮ್ಯುಲೇಶನ್‌ನಲ್ಲಿ ಓಡಿಸುತ್ತದೆ, ಹಳೇ ಪುಟ್ಟ ಓಎಸ್‌ಗಳಿಗೆ ಸರಿ, ಈಗಿನ ವಿಂಡೋಸ್‌ಗೆ ಬೇಡ. ವರ್ಚುವಲ್‌ಬಾಕ್ಸ್ ಕೂಡ 2024ರ 7.1ರಿಂದ ಈ ಮ್ಯಾಕ್‌ಗಳ ಮೇಲೆ ಆರ್ಮ್ ಗೆಸ್ಟ್ ಓಡಿಸುತ್ತದೆ, ಆದರೆ ಯುಟಿಎಂ ಇರುವಾಗ ಅದಕ್ಕೆ ಹೋಗುವ ಕಾರಣ ನನಗೆ ಕಾಣುವುದಿಲ್ಲ. ಅಂದ ಹಾಗೆ ಮ್ಯಾಕ್‌ಓಎಸ್ ಅನ್ನೇ ಗೆಸ್ಟ್ ಆಗಿ ಓಡಿಸಲು ಆಪಲ್‌ನ ಲೈಸೆನ್ಸ್ ಒಪ್ಪುವುದು ಆಪಲ್ ಕಂಪ್ಯೂಟರ್‌ಗಳ ಮೇಲೆ ಮಾತ್ರ.

ಯಾವುದೇ ಆರಿಸಿದರೂ ಬಿಡದವು

ವಿಂಡೋಸ್ ಗೆಸ್ಟ್‌ಗೆ ಅದರದೇ ಲೈಸೆನ್ಸ್ ಬೇಕು. ಹೋಸ್ಟ್‌ನಲ್ಲಿ ಇರುವುದು ಒಳಗೆ ಲೆಕ್ಕಕ್ಕೆ ಬರುವುದಿಲ್ಲ. ಒಂದೆರಡು ತಿಂಗಳ ಪರೀಕ್ಷೆಗಷ್ಟೇ ಆದರೆ ಮೈಕ್ರೋಸಾಫ್ಟ್ 90 ದಿನಗಳ ಎಂಟರ್‌ಪ್ರೈಸ್ ಇವ್ಯಾಲ್ಯುಯೇಶನ್ ಆವೃತ್ತಿ ಕೊಡುತ್ತದೆ, ಅದನ್ನೇ ಹಾಕಿಕೊಳ್ಳಿ. ಲಿನಕ್ಸ್ ಗೆಸ್ಟ್‌ಗೆ ಈ ಚಿಂತೆಯೇ ಇಲ್ಲ.

ಕೋರ್‌ಗಳನ್ನು ಪೂರ್ತಿ ಕೊಟ್ಟರೆ ಗೆಸ್ಟ್ ವೇಗ ಆಗುತ್ತದೆ ಅನ್ನುವುದು ಭ್ರಮೆ. ಹೋಸ್ಟ್ ಉಸಿರು ಕಟ್ಟಿದರೆ ಗೆಸ್ಟ್‌ನದೂ ಕಟ್ಟುತ್ತದೆ. 8 ಕೋರ್ ಇದ್ದರೆ 4 ಕೊಡಿ, 4 ಇದ್ದರೆ 2.

ಸ್ನ್ಯಾಪ್‌ಶಾಟ್ ಬಹಳ ಒಳ್ಳೆಯದು, ಬೇಕಾದ್ದು ಕೆಡಿಸಿ ಮತ್ತೆ ಹಿಂದಕ್ಕೆ ಬರಬಹುದು. ಆದರೆ ಅದು ಬ್ಯಾಕಪ್ ಅಲ್ಲ. ಮೂಲ ಡಿಸ್ಕ್ ಫೈಲ್ ಕೆಟ್ಟರೆ ಅದರ ಮೇಲೆ ನಿಂತ ಸ್ನ್ಯಾಪ್‌ಶಾಟ್‌ಗಳೆಲ್ಲ ಒಟ್ಟಿಗೆ ಹೋಗುತ್ತವೆ. ಹತ್ತು ಹದಿನೈದು ಸ್ನ್ಯಾಪ್‌ಶಾಟ್ ಪೇರಿಸಿಟ್ಟರೆ ಡಿಸ್ಕ್‌ನಲ್ಲಿ ಜಾಗವೂ ಗೊತ್ತಾಗದಂತೆ ಕರಗುತ್ತದೆ. ಹೈಪರ್-ವಿಯಲ್ಲಂತೂ ಇದಕ್ಕೆ ಚೆಕ್‌ಪಾಯಿಂಟ್ ಅಂತ ಹೆಸರು, ಡೆಸ್ಕ್‌ಟಾಪ್ ವಿಂಡೋಸ್‌ನಲ್ಲಿ ಗೆಸ್ಟ್ ಶುರು ಮಾಡಿದಾಗ ತಾನಾಗೇ ಒಂದು ತೆಗೆಯುವ ಸೆಟ್ಟಿಂಗ್ ಆನ್ ಇರುತ್ತದೆ. ಬೇಡದಿದ್ದರೆ ಆಫ್ ಮಾಡಿ.

ಎಕ್ಸ್‌ಪಿಯಂಥ ಹಳೇ ಓಎಸ್ ಓಡಿಸುವವರು ಅದರ ನೆಟ್‌ವರ್ಕ್ ತೆಗೆದುಬಿಡಿ, 2014ರಿಂದ ಅದಕ್ಕೆ ಭದ್ರತಾ ಅಪ್‌ಡೇಟ್ ನಿಂತಿದೆ. ವೈರಸ್ ಪರೀಕ್ಷೆಗೆ ವಿಎಂ ಬಳಸುವವರು ಹಂಚಿಕೊಂಡ ಫೋಲ್ಡರ್ ಮತ್ತು ಕ್ಲಿಪ್‌ಬೋರ್ಡ್ ಎರಡನ್ನೂ ಮುಚ್ಚಿ. ಗೆಸ್ಟ್‌ನ ಗೋಡೆ ಗಟ್ಟಿ ನಿಜ, ಆದರೆ ತೂತೇ ಇಲ್ಲ ಅಂತಲ್ಲ. 2015ರಲ್ಲಿ, ಕೆವಿಎಂ ಜೊತೆ ಕೆಲಸ ಮಾಡುವ ಕ್ಯೂಎಮು ಒಳಗಿನ ಫ್ಲಾಪಿ ಡ್ರೈವ್‌ನ ಕೋಡ್‌ನಲ್ಲೇ ಗೆಸ್ಟ್‌ನಿಂದ ಹೊರಗೆ ಹಾರುವ ದಾರಿ ಸಿಕ್ಕಿತ್ತು. ಯಾರೂ ಫ್ಲಾಪಿ ಮುಟ್ಟದ ಕಾಲದಲ್ಲಿ!

ಕೊನೆಗೂ ತೀರ್ಮಾನ ಆಗದಿದ್ದರೆ ಒಂದನ್ನು ಹಾಕಿ ಕೆಲಸ ಶುರು ಮಾಡಿ. ಆಮೇಲೆ ಬದಲಿಸಿದರೆ ಮಾಡಿದ್ದೆಲ್ಲ ಹಾಳು ಅನ್ನುವ ಹೆದರಿಕೆ ಬೇಡ. ವರ್ಚುವಲ್‌ಬಾಕ್ಸ್, ವಿಎಂವೇರ್ ಎರಡೂ ಗೆಸ್ಟನ್ನು ಓವಿಎಫ್ ರೂಪದಲ್ಲಿ ಹೊರಗೆ ಕೊಡುತ್ತವೆ, ಒಳಗೆ ತಗೊಳ್ಳುತ್ತವೆ. ಕ್ಯೂಎಮು ಜೊತೆ ಬರುವ ಡಿಸ್ಕ್ ಪರಿವರ್ತಕ ವಿಡಿಐ, ವಿಎಂಡಿಕೆ, ವಿಎಚ್‌ಡಿಎಕ್ಸ್, ಕ್ಯೂಕೌ2 ಅನ್ನುವ ಡಿಸ್ಕ್ ಫೈಲ್ ಬಗೆಗಳಲ್ಲಿ ಒಂದನ್ನು ಇನ್ನೊಂದಕ್ಕೆ ಬದಲಿಸುತ್ತದೆ. ಸಾಗಿಸುವ ಮುಂಚೆ ಸ್ನ್ಯಾಪ್‌ಶಾಟ್‌ಗಳನ್ನೆಲ್ಲ ಅಳಿಸಿ ಒಂದೇ ಡಿಸ್ಕ್ ಮಾಡಿಕೊಳ್ಳಿ, ಹಳೇ ಸಾಫ್ಟ್‌ವೇರ್‌ನ ಗೆಸ್ಟ್ ಅಡಿಶನ್ಸ್ ಅಥವಾ ವಿಎಂವೇರ್ ಟೂಲ್ಸ್ ತೆಗೆದುಹಾಕಿ. ಯುಇಎಫ್‌ಐನಲ್ಲಿ ಹಾಕಿದ ಗೆಸ್ಟ್ ಆಗಿದ್ದರೆ ಹೊಸ ಕಡೆಯೂ ಯುಇಎಫ್‌ಐ ಆರಿಸಿ, ಇಲ್ಲದಿದ್ದರೆ ಬೂಟೇ ಆಗುವುದಿಲ್ಲ. ವಿಂಡೋಸ್ ಗೆಸ್ಟ್ ಮಾತ್ರ ಹೊಸ ಹಾರ್ಡ್‌ವೇರ್ ಕಂಡು ಮತ್ತೆ ಆ್ಯಕ್ಟಿವೇಶನ್ ಕೇಳಬಹುದು, ಲೈಸೆನ್ಸ್ ಕೀ ಹತ್ತಿರದಲ್ಲೇ ಇಟ್ಟುಕೊಂಡಿರಿ.